ವಾಟ್ಸಿ: ಮಗುವಿನ ಆಪರೇಷನ್‌ಗೆ ಕೊಟ್ಟ ದುಡ್ಡಿನ ಲೆಕ್ಕ ಕಣ್ಣೆದುರಿಗೇ ಇಡೋ ಸೈಟು

ದಾನ ಕೇಳೋ ಯಾವ ವೆಬ್‌ಸೈಟ್ ನೋಡಿದ್ರೂ ನಾನು ಮೊದ್ಲು ಹುಡುಕೋದು ಒಂದೇ, ಕೊಟ್ಟಿದ್ರಲ್ಲಿ ಎಷ್ಟು ಪೇಷಂಟಿಗೆ ಮುಟ್ಟತ್ತೆ ಅಂತ. ವಾಟ್ಸಿ ಅನ್ನೋದು ಬಡ ಪೇಷಂಟುಗಳ ಚಿಕಿತ್ಸೆಗೆ ಜನರಿಂದ ದುಡ್ಡು ಸೇರಿಸೋ ಸೈಟು, ಇಲ್ಲಿ ಚಿಕಿತ್ಸೆಗೆ ಅಂತ ಕೊಟ್ಟಿದ್ದು ಪೂರ್ತಿ ಚಿಕಿತ್ಸೆಗೇ ಹೋಗತ್ತೆ. ಸಂಬಳ, ಆಫೀಸ್ ಖರ್ಚಿಗೆಲ್ಲ ಅವ್ರು ಬೇರೆ ಕಡೆ ದುಡ್ಡು ಎತ್ತುತಾರೆ, ನಿಮಗೆ ಮನಸ್ಸಿದ್ರೆ ಟಿಪ್ ಅಂತ ಬೇರೆ ಹಾಕಬಹುದು. 2012ರಲ್ಲಿ ಶುರುವಾಗಿದ್ದು ಇದು, ಹೊಸ ಕಂಪನಿಗಳಿಗೆ ದುಡ್ಡು, ಸಲಹೆ ಕೊಟ್ಟು ಬೆಳೆಸೋ ಅಮೆರಿಕದ ವೈ ಕಾಂಬಿನೇಟರ್ ಕೈ ಹಿಡಿದ ಮೊದಲ ಲಾಭರಹಿತ ಸಂಸ್ಥೆನೂ ಇದೇ.

ಕೀನ್ಯಾ, ಮ್ಯಾನ್ಮಾರ್, ಕಾಂಬೋಡಿಯಾ ಥರದ ಕಡೆ ಇವರ ಜೊತೆ ಕೆಲಸ ಮಾಡೋ ಆಸ್ಪತ್ರೆ, ಸಂಸ್ಥೆಗಳವರೇ ಕೇಸ್ ಕಳಿಸ್ತಾರೆ, ಒಬ್ಬೊಬ್ಬ ಪೇಷಂಟಿಗೂ ಒಂದು ಪೇಜ್ ಇರತ್ತೆ. ನಂಗೆ ನಂಬಿಕೆ ಬಂದಿದ್ದು ಈ ಪೇಜ್‌ಗಳಿಂದಾನೇ. ತಲೇಲಿ ನೀರು ತುಂಬಿ ತಲೆ ದಪ್ಪ ಆಗ್ತಾ ಹೋಗೋ ಕೂಸುಗಳ ಕೇಸ್ ತೆಗೆದು ನೋಡಿ, ಅಪ್ಪ ಅಮ್ಮ ತುಂಡು ಭೂಮೀಲಿ ಬೆಳ್ಕೊಂಡು ತಿನ್ನೋರು, ಆಪರೇಷನ್ನಿಗೆ ಎಷ್ಟು ಬೇಕು, ಅದ್ರಲ್ಲಿ ಡಾಕ್ಟರ್ ಖರ್ಚೆಷ್ಟು, ಔಷಧಿಗೆಷ್ಟು, ಲ್ಯಾಬಿಗೆಷ್ಟು ಅಂತ ಬಿಡಿಬಿಡಿಯಾಗಿ ಇರತ್ತೆ. ಅದರ ಕೆಳಗೆ ಕಾಯಿಲೆ ಏನು, ಆಪರೇಷನ್ನಲ್ಲಿ ಏನ್ಮಾಡ್ತಾರೆ, ಅಪಾಯ ಏನು, ಬೇರೆ ದಾರಿ ಇದ್ಯಾ ಅಂತಾನೂ ಬರೆದಿರ್ತಾರೆ. ಅಪಾಯಾನೂ ಹೇಳೋದು ತುಂಬಾ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಆ ನೀರು ಇಳಿಸೋಕೆ ತಲೆಯಿಂದ ಹೊಟ್ಟೆಗೆ ಹಾಕೋ ಸಣ್ಣ ಟ್ಯೂಬ್ ಮುಂದೆ ಕಟ್ಕೊಬಹುದು, ಇನ್ಫೆಕ್ಷನ್ ಆಗಬಹುದು, ಮತ್ತೆ ಆಪರೇಷನ್ ಬೇಕಾಗಬಹುದು, ದುಡ್ಡು ಕೊಟ್ಟೋರಿಗೂ ಇದು ಗೊತ್ತಿರ್ಬೇಕು.

ನಂಗೆ ಸಾಲದು ಅನ್ಸೋದೂ ಇಲ್ಲೇ. ಚಿಕಿತ್ಸೆ ಆದ್ಮೇಲೆ ಮಗು ಹೇಗಿದೆ ಅಂತ ಒಂದು ಅಪ್‌ಡೇಟ್ ಬರತ್ತೆ, ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಹಳ್ಳಿ ಕುಟುಂಬಕ್ಕೆ ನಿಜವಾದ ಕಷ್ಟ ಅಲ್ಲಿಂದಾಚೆಗೂ ಇರತ್ತಲ್ವಾ, ಹುಟ್ಟಿದಾಗ್ಲೇ ಪಾದ ತಿರುಚಿರೋ ಮಗುನೇ ತಗೊಳಿ, ವಾರ ವಾರ ಪ್ಲಾಸ್ಟರ್ ಪಟ್ಟಿ ಬದಲಾಯಿಸ್ಬೇಕು, ಆಮೇಲೆ ನಾಲ್ಕೈದು ವರ್ಷದವರೆಗೂ ರಾತ್ರಿ ಹೊತ್ತು ಪಾದ ನೆಟ್ಟಗೆ ಹಿಡಿದಿಡೋ ಬ್ರೇಸ್ ಹಾಕಬೇಕು, ಇಲ್ಲಾಂದ್ರೆ ಪಾದ ಮತ್ತೆ ತಿರುಗತ್ತೆ. ಪ್ರತಿಸಲ ಆಸ್ಪತ್ರೆಗೆ ಹೋಗೋಕೆ ಬಸ್ ಚಾರ್ಜು, ಅಮ್ಮನ ಅವತ್ತಿನ ಕೂಲಿ ಹೋಗತ್ತೆ, ಮನೇಲಿ ಉಳಿದ ಮಕ್ಕಳನ್ನ ನೋಡ್ಕೊಳೋಕೆ ಜನ ಬೇಕು. ಇದನ್ನೂ ಎಲ್ಲಾ ಪೇಜಲ್ಲೂ ಖರ್ಚಿನ ಲೆಕ್ಕಕ್ಕೇ ಸೇರಿಸಿ ಕೇಳಿದ್ರೆ ಕೊಡೋ ಜನ ಇದ್ದೇ ಇದಾರೆ.

ಇನ್ನೊಂದು, ಫೋಟೋ ನೋಡಿ ಮಗು ಆರಿಸೋದು ನನ್ ಕೈಲಿ ಆಗಲ್ಲ. ಮುದ್ದಾಗಿ ನಗೋ ಮಗುಗೆ ಬೇಗ ದುಡ್ಡು ಸೇರಿ, ಮೂತ್ರದ ದಾರಿ ತೊಂದರೆನೋ ಸುಟ್ಟ ಗಾಯದಿಂದ ಮಡಚಿಕೊಂಡ ಕೈನೋ ಇರೋ ಮಗು ಹಿಂದೆ ಉಳೀಬಾರ್ದು. ಅದಕ್ಕೇ ಯೂನಿವರ್ಸಲ್ ಫಂಡ್ ಅಂತ ಇದೆ, ತಿಂಗಳಿಗೆ ಇಷ್ಟು ಅಂತ ಹಾಕಿದ್ರೆ ಯಾರಿಗೆ ಅಗತ್ಯ ಇದ್ಯೋ ಅವ್ರಿಗೆ ವಾಟ್ಸಿಯವ್ರೇ ಕೊಡ್ತಾರೆ, ಯಾರಿಗೆ ಹೋಯ್ತು ಅಂತ ಮೇಲ್ ಬರತ್ತೆ. ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು ಇದನ್ನೇ.