ಒಬ್ಬಳೇ ಗುಡ್ಡ ಹತ್ತುವವಳಿಗೆ ಇಂಬಳದ ಸಾಕ್ಸ್

ಕಾಡಿನ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಕಾಲಿಗೆ ಕಚ್ಚದಂತೆ ತಡೆಯುವ ಈ ಸಾಕ್ಸ್ ಕೊಂಡಿದ್ದು ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಅಂಗಡಿಯಲ್ಲಿ, ಜೋಡಿಗೆ 380 ರೂಪಾಯಿ. ಕಂಪನಿ ಹೆಸರು ಎಲ್ಲೂ ಇಲ್ಲ. ಸಾಕ್ಸ್ ಅಂತ ಕರೆಯುತ್ತಾರೆ ಅಷ್ಟೇ, ಹಿಗ್ಗುವ ಗುಣ ಇದಕ್ಕಿಲ್ಲ. ದಪ್ಪ ಹತ್ತಿ ಬಟ್ಟೆಯನ್ನು ಪಾದದ ಆಕಾರಕ್ಕೆ ಕತ್ತರಿಸಿ ಹೊಲಿದಿದ್ದಾರೆ, ಮಂಡಿಯ ಕೆಳಗೆ ಬಿಗಿಯಲು ಒಂದು ಲಾಡಿ. ಮಾಮೂಲಿ ಸಾಕ್ಸ್ ಮೇಲೆ ಇದನ್ನು ಎಳೆದುಕೊಂಡು, ಪ್ಯಾಂಟನ್ನು ಒಳಗೆ ತುರುಕಿ, ಲಾಡಿ ಕಟ್ಟಿ, ಆಮೇಲೆ ಶೂ ಹಾಕಬೇಕು. ಚೂಡಿದಾರದ ಪ್ಯಾಂಟ್ ಆದರೆ ಸಲೀಸು. ಜೀನ್ಸ್ ಬೇಡವೇ ಬೇಡ.

"ಈ ಚೀಲಕ್ಕೆ ಇಷ್ಟು ದುಡ್ಡಾ? ಮನೇಲಿ ಉಪ್ಪಿಲ್ವಾ?" ಅಂತ ಅಮ್ಮ ಕೇಳಿದರು. ಕೇಳಬೇಕಾದ ಮಾತೇ. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ, ಹತ್ತಿದ ಇಂಬಳಕ್ಕೆ ಮುಟ್ಟಿಸುತ್ತಾ ತೋಟ ಸುತ್ತಿದವರು ನಾವು. ಸುಣ್ಣ, ಹೊಗೆಸೊಪ್ಪು, ಬೇವಿನೆಣ್ಣೆ ಎಲ್ಲಾ ಆಗಿದೆ. ತೋಟಕ್ಕೆ ಅಷ್ಟು ಸಾಕು. ಆದರೆ ಇಡೀ ದಿನ ಒದ್ದೆ ಹುಲ್ಲಿನಲ್ಲಿ ನಡೆದರೆ ಉಪ್ಪು ಕರಗಿ ಹೋಗುತ್ತದೆ, ಹಚ್ಚಿದ ಎಣ್ಣೆ ತೊಳೆದು ಹೋಗುತ್ತದೆ. ಗಂಬೂಟು ಹಾಕಿಕೊಂಡು ಗುಡ್ಡ ಹತ್ತಿ ಇಳಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಗ್ಯಾರಂಟಿ.

ನಾನು ಕಾಡಿಗೆ ಹೋಗುವುದು ಹೆಚ್ಚಾಗಿ ಒಬ್ಬಳೇ. ನಾಲ್ಕು ಜನ ಇದ್ದರೆ ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತಾರೆ. ಒಂಟಿಯಾಗಿದ್ದರೆ ಮೀನಖಂಡದ ಹಿಂದೆ, ಮಂಡಿಯ ಸಂದಿಯಲ್ಲಿ ಏನು ಕೂತಿದೆ ಅಂತ ಹೇಳುವವರಿಲ್ಲ. ಇಂಬಳ ಕಚ್ಚಿದ್ದು ನೋಯುವುದೂ ಇಲ್ಲ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಅದು ಕುಡಿದು ಉದುರಿ ಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಅದೇ ಭಯಕ್ಕೆ ಹತ್ತು ಹೆಜ್ಜೆಗೊಮ್ಮೆ ಬಗ್ಗಿ ನೋಡುತ್ತಿದ್ದರೆ ನಡಿಗೆಯ ಖುಷಿ ಎಲ್ಲಿ ಬಂತು? ದಾರಿ ನೋಡುವುದಾ, ಕಾಲು ನೋಡುವುದಾ?

ಪರೀಕ್ಷೆ ಮಾಡಿದ್ದು ಕೊಡಚಾದ್ರಿಯಲ್ಲಿ. ಅಕ್ಟೋಬರ್, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿದೆ. "ಅಕ್ಕಾ, ಒಬ್ರೇನಾ? ಜೀಪಿಗೆ ಬನ್ನಿ" ಅಂದ ಜೀಪಿನ ಹುಡುಗ. ನಕ್ಕು ಮುಂದೆ ಹೋದೆ. ಅಣ್ಣನ ಮಗ ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾನೆ, ಅವನೂ ಒಬ್ಬನೇ ಬೆಟ್ಟ ಹತ್ತುವ ಗಿರಾಕಿ. ಅಲ್ಲಿನ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್, ನಮ್ಮ ಕೊಡಚಾದ್ರಿ 1343. ಎರಡು ಮೀಟರಿಗೆ ಜಂಬ ಪಡಬೇಡ ಅಂತ ಅವನಿಗೆ ಹೇಳಿದ್ದೇನೆ. ಅವನೇನೋ ಹೆಚ್ಚುಕಮ್ಮಿ ಸಮುದ್ರ ಮಟ್ಟದಿಂದಲೇ ಹತ್ತಬೇಕು, ನಾವು ಘಟ್ಟದ ಮೇಲಿನ ಊರಿಂದ ಶುರು ಮಾಡುತ್ತೇವೆ. ಅದನ್ನು ಮಾತ್ರ ಅವನಿಗೆ ಹೇಳಿಲ್ಲ.

ಜಲಪಾತದವರೆಗಿನ ಕಾಡಿನಲ್ಲಿ ಸಾಕ್ಸ್ ಸೊಗಸಾಗಿ ಕೆಲಸ ಮಾಡಿತು. ಹೊಟ್ಟೆ ತುಂಬದ ಇಂಬಳ ದಾರದಷ್ಟು ಸಣ್ಣ. ಮಾಮೂಲಿ ಸಾಕ್ಸಿನ ಹೆಣಿಗೆಯ ಕಣ್ಣಲ್ಲಿ ಆರಾಮಾಗಿ ತೂರುತ್ತದೆ. ಇದರ ನೇಯ್ಗೆ ಒತ್ತಾಗಿದೆ, ಒಂದೂ ಒಳಗೆ ಹೋಗಲಿಲ್ಲ. ನಾನು ತಂದಿದ್ದು ಮಾಸಲು ಬಿಳಿ ಬಣ್ಣದ್ದು. "ಕಪ್ಪು ತಗೊಳ್ಳಿ ಮೇಡಂ, ಕೊಳೆ ಕಾಣಲ್ಲ" ಅಂದಿದ್ದರು ಅಂಗಡಿಯವರು. ಕೊಳೆ ಕಾಣದ್ದರಲ್ಲಿ ಇಂಬಳವೂ ಕಾಣುವುದಿಲ್ಲ ಅಲ್ವಾ? ಬಿಳಿಯ ಮೇಲೆ ಮೊಳ ಹಾಕುತ್ತಾ ಮೇಲೆ ಬರುವುದು ದೂರದಿಂದಲೇ ಕಾಣುತ್ತದೆ, ಬೆರಳಲ್ಲಿ ಚಿಮ್ಮಿದರಾಯಿತು.

ಇನ್ನು ದೂರು. ಲಾಡಿಯನ್ನು ಬಿಗಿ ಹಿಡಿಯಲು ಪ್ಲಾಸ್ಟಿಕ್ ಗುಂಡಿ ಕೊಟ್ಟಿದ್ದಾರೆ, ಒದ್ದೆಯಾದ ಮೇಲೆ ಅದು ನಿಲ್ಲುವುದಿಲ್ಲ. ಜಲಪಾತದ ಪಕ್ಕದ ಕಡಿದಾದ ಬಂಡೆ ಹತ್ತುವಾಗ ಎಡಗಾಲಿನದು ಜಾರಿ ಕಣಕಾಲಿಗೆ ಬಂತು. ಕೊನೆಗೆ ಗುಂಡಿ ಕಿತ್ತು ಗಂಟು ಹಾಕಿದೆ. ಬೆರಳಿನ ಹತ್ತಿರದ ಹೊಲಿಗೆ ದಪ್ಪ, ಇಳಿಯುವಾಗ ಕಿರುಬೆರಳಿಗೆ ಒತ್ತುತ್ತದೆ. ಮಂಡಿಯಿಂದ ಮೇಲಕ್ಕೆ ಇದು ಲೆಕ್ಕಕ್ಕಿಲ್ಲ. ಗಿಡದಿಂದ ಹತ್ತಿದ್ದೊಂದು ಸೊಂಟದಲ್ಲಿ ಕೂತಿದ್ದು ಗೊತ್ತಾಗಿದ್ದು ಮೇಲೆ ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರ. ಲಾಡಿಯ ಸುತ್ತ ಬೇವಿನೆಣ್ಣೆ ಸವರಿಕೊಂಡರೆ ಕೆಳಗಿನಿಂದ ಬರುವವಾದರೂ ಕಮ್ಮಿಯಾಗುತ್ತವೆ. ಅಲ್ಲಿಂದ ಸರ್ವಜ್ಞಪೀಠದವರೆಗೆ ಗಾಳಿ ಜೋರು, ಬೋಳು ಹುಲ್ಲು. ಅಲ್ಲಿ ಇದರ ಅಗತ್ಯವೇ ಬೀಳಲಿಲ್ಲ, ಸುಮ್ನೆ ಸೆಕೆ.

ಒಣಗಿಸುವುದು ದೊಡ್ಡ ಕಷ್ಟ. ಬಚ್ಚಲು ಒಲೆಯ ಮೇಲೆ ತಂತಿಗೆ ನೇತು ಹಾಕಿದರೂ ಮರುದಿನ ಸಂಜೆಗೆ ಹಸಿಹಸಿ, ಮೇಲಿಂದ ಹೊಗೆ ವಾಸನೆ. ಸಾಲುಸಾಲು ದಿನ ನಡೆಯುವವರು ಎರಡು ಜೋಡಿ ಇಟ್ಟುಕೊಳ್ಳಿ.

ಮಳೆಗಾಲ ಮುಗಿಯಿತು ಅಂತ ಎತ್ತಿಡಬೇಡಿ. ಇಂಬಳ ಹೋದ ಮೇಲೆ ನಮ್ಮ ಕಾಡಿಗೆ ಉಣುಗಿನ (ಉಣ್ಣೆ ಹುಳುವಿನ) ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು. ಪ್ಯಾಂಟನ್ನು ಒಳಗೆ ತುರುಕಿಕೊಂಡ ಈ ಬಿಳಿ ಸಾಕ್ಸಿನ ಮೇಲಾದರೆ ಕಣ್ಣಿಗೆ ಬೀಳುವ ಸಾಧ್ಯತೆ ಉಂಟು. ಸ್ಕಾಟ್ಲೆಂಡಿನ ಹುಡುಗನೂ ಉಣುಗಿಗೆ ಹೆದರಿಯೇ ಪ್ಯಾಂಟನ್ನು ಸಾಕ್ಸ್ ಒಳಗೆ ಹಾಕುತ್ತಾನಂತೆ, ಅಲ್ಲಿನದು ಲೈಮ್ ಕಾಯಿಲೆ. ಇಂಬಳದ ಸಾಕ್ಸ್ ಒಂದನ್ನೇ ನಂಬಿ ಹೋಗಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಗುಂಡಿ ಬದಲಿಸಿದರೆ ನಾಲ್ಕೂವರೆ. ಕೊಳ್ಳಲು ಹೋಗುವಾಗ ಗುಡ್ಡಕ್ಕೆ ಹಾಕುವ ಶೂ ಜೊತೆಗೇ ಒಯ್ಯಿರಿ. ಈ ಬಟ್ಟೆ ಸೇರಿದ ಮೇಲೆ ಮಾಮೂಲಿ ಅಳತೆಯ ಶೂ ಬಿಗಿಯಾಗುತ್ತದೆ. ಅಂಗಡಿಯಲ್ಲೇ ಹಾಕಿ, ಮೆಟ್ಟಿಲಿದ್ದರೆ ಒಂದೆರಡು ಸಲ ಇಳಿದು ನೋಡಿ, ಕಿರುಬೆರಳಿನ ಕಥೆ ಅಲ್ಲೇ ಗೊತ್ತಾಗುತ್ತದೆ.