ಬ್ಲೀಚ್, ಅಯೋಡೋಫರ್, ಸ್ಟಾರ್ ಸ್ಯಾನ್: ಒಂದೇ ಬಿಯರ್, ಮೂರು ಜಾಡಿ

ಮನೆಯಲ್ಲಿ ಮೂರನೇ ಸಲ ಮಾಡಿದ ಬಿಯರಿನ ಮುಚ್ಚಳ ತೆಗೆದಾಗ ಗಾಯಕ್ಕೆ ಅಂಟಿಸುವ ಪಟ್ಟಿಯ ವಾಸನೆ ಬಂತು. ಕ್ರಿಮಿ ಸೇರಿರಬೇಕು ಅಂದುಕೊಂಡು ಮುಂದಿನ ಸಲ ಪಾತ್ರೆ ಶುದ್ಧಿಮಾಡಲು ಬ್ಲೀಚ್ ಜಾಸ್ತಿ ಹಾಕಿದೆ. ವಾಸನೆ ಇನ್ನೂ ಹೆಚ್ಚಾಯಿತು. ಎರಡು ಸಲ ಸೇರಿ 38 ಲೀಟರ್ ಸಿಂಕಿಗೆ ಹೋಯಿತು. ಕಾರಣ ಕ್ರಿಮಿಯಲ್ಲ, ಬ್ಲೀಚೇ. ಪಾತ್ರೆಯಲ್ಲಿ ಉಳಿದ ಕ್ಲೋರಿನ್, ಮಾಲ್ಟ್ ಮತ್ತು ಯೀಸ್ಟ್‌ನಿಂದ ಬರುವ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅದು ಎಳ್ಳಷ್ಟಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ, ಒಮ್ಮೆ ಬಂದರೆ ಹೋಗುವುದಿಲ್ಲ.

ನಾವಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನು 1979ರಿಂದ ಅವಕಾಶ ಕೊಟ್ಟಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಮಿತಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಊರಲ್ಲಿದ್ದು ಓದುತ್ತಿರುವವರು ಇದನ್ನು ನೆನಪಿಡಿ.

ಅನುಮಾನ ತೀರಲೆಂದು ಒಂದೇ ದಿನ ಕುದಿಸಿದ ವೋರ್ಟ್ ಅನ್ನು, ಅಂದರೆ ಮಾಲ್ಟಿನ ಸಿಹಿ ರಸವನ್ನು, ಒಂದೊಂದು ಗ್ಯಾಲನ್ನಿನ ಮೂರು ಗಾಜಿನ ಜಾಡಿಗಳಿಗೆ ಹಂಚಿದೆ. ಯೀಸ್ಟ್ ಒಂದೇ, ಇಟ್ಟ ಕಪಾಟು ಒಂದೇ. ನಲ್ಲಿ ನೀರಿನ ಕ್ಲೋರಿನ್ ಲೆಕ್ಕ ಕೆಡಿಸಬಾರದೆಂದು ಕುದಿಸುವ ಮುಂಚೆಯೇ ನೀರಿಗೆ ಕ್ಯಾಂಪ್ಡೆನ್ ಮಾತ್ರೆ ಪುಡಿಮಾಡಿ ಹಾಕಿದ್ದೆ. ಬದಲಾದದ್ದು ಜಾಡಿ ಶುದ್ಧಿಮಾಡಿದ ರೀತಿ ಮಾತ್ರ.

ಮೊದಲನೆಯದಕ್ಕೆ ಬ್ಲೀಚ್. ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ, 20 ನಿಮಿಷ ನೆನೆಸಿ, ನಲ್ಲಿ ನೀರಲ್ಲಿ ಮೂರು ಸಲ ತೊಳೆದೆ. ಬ್ಲೀಚಿನ ದೊಡ್ಡ ತೊಡಕು ಇಲ್ಲೇ ಇದೆ. ತೊಳೆಯದಿದ್ದರೆ ಕ್ಲೋರಿನ್ ಉಳಿಯುತ್ತದೆ. ಕುದಿಸಿ ಆರಿಸದ ನೀರಲ್ಲಿ ತೊಳೆದರೆ ಶುದ್ಧ ಮಾಡಿದ ಜಾಡಿಗೆ ಮತ್ತೆ ಹೊರಗಿನದ್ದೇ ಸೇರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹೊತ್ತು ಹೋದರೆ ಚುಕ್ಕಿಚುಕ್ಕಿಯಾಗಿ ಕೊರೆಯುತ್ತದೆ. ಇನ್ನೊಂದು ಮಾತು: ಬ್ಲೀಚಿಗೆ ವಿನೆಗರ್ ಆಗಲಿ ಬೇರೆ ಆಮ್ಲವಾಗಲಿ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಪ್ರಾಣಕ್ಕೇ ಅಪಾಯ.

ಎರಡನೆಯದಕ್ಕೆ ಅಯೋಡೋಫರ್, ಅಂದರೆ ಅಯೋಡಿನ್ ಇರುವ ಕ್ರಿಮಿನಾಶಕ ದ್ರವ. 19 ಲೀಟರಿಗೆ 15 ಮಿ.ಲೀ. ಹಾಕಿದರೆ ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹತ್ತು ನಿಮಿಷ ನೆನೆಸಿ, ಬೋರಲು ಹಾಕಿ ಬಸಿದರೆ ಸಾಕು, ತೊಳೆಯಬೇಕಿಲ್ಲ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಆ ಬಣ್ಣವೇ. ಬಣ್ಣ ಮಾಸಿತು ಅಂದರೆ ಅಯೋಡಿನ್ ಮುಗಿಯಿತು ಅಂತ ಅರ್ಥ, ಅಳೆಯಲು ಏನೂ ಬೇಡ. ಆದರೆ ಕಲಸಿಟ್ಟದ್ದು ನಿಲ್ಲುವುದಿಲ್ಲ. ಟೆಕ್ಸಸ್ ಬೇಸಗೆಯಲ್ಲಿ ಬೆಳಿಗ್ಗೆ ಕಲಸಿ ತೆರೆದಿಟ್ಟ ಬಕೆಟ್ ಮರುದಿನಕ್ಕೆ ಬೆಳ್ಳಗಾಗಿತ್ತು. ಪ್ಲಾಸ್ಟಿಕ್ ಪೈಪು ಹಳದಿಯಾಗುತ್ತದೆ, ಬಟ್ಟೆಗೆ ಬಿದ್ದರೆ ಕಲೆ.

ಮೂರನೆಯದಕ್ಕೆ ಸ್ಟಾರ್ ಸ್ಯಾನ್. ಇದು ಫಾಸ್ಫಾರಿಕ್ ಆಮ್ಲಕ್ಕೆ ನೊರೆ ಬರಿಸುವ ಇನ್ನೊಂದು ಆಮ್ಲ ಸೇರಿದ ದ್ರವ. 19 ಲೀಟರಿಗೆ ಸುಮಾರು 30 ಮಿ.ಲೀ., ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಸಾಕು. ಜಾಡಿಯ ತುಂಬ ನೊರೆ ನಿಲ್ಲುತ್ತದೆ. ಆ ನೊರೆಯ ಮೇಲೆಯೇ ವೋರ್ಟ್ ಸುರಿಯಬೇಕೆಂದಾಗ ಮೊದಲ ಸಲ ಕೈ ಹಿಂದೆಗೆಯಿತು. ಹೇಳಿದ ಅಳತೆಯಲ್ಲಿ ಕಲಸಿದ್ದರೆ ತೊಂದರೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಸ್ಯಾನ್ ಆಂಟೋನಿಯೊದ ನೀರು ಸುಣ್ಣಕಲ್ಲಿನ ಪದರದಿಂದ ಬರುವ ಗಡಸು ನೀರು, ಅದರಲ್ಲಿ ಕಲಸಿದರೆ ಬೇಗ ಹಾಲುಹಾಲಾಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿ ಸ್ಪ್ರೇ ಬಾಟಲಿಗೆ ತುಂಬಿಟ್ಟರೆ ವಾರಗಟ್ಟಲೆ ಇರುತ್ತದೆ. ಹುಳಿ ಅಳೆಯುವ ಪಿಎಚ್ ಕಾಗದ 3ಕ್ಕಿಂತ ಕೆಳಗೆ ತೋರಿಸುತ್ತಿರುವಷ್ಟು ದಿನ ಬಳಸುತ್ತೇನೆ.

ಐದು ವಾರದ ಮೇಲೆ ಲೋಟಗಳ ತಳಕ್ಕೆ ಗುರುತು ಹಾಕಿ, ಯಾವುದು ಯಾವುದೆಂದು ಹೇಳದೆ ಹೆಂಡತಿಗೂ ಪಕ್ಕದ ಮನೆಯವರಿಗೂ ಕೊಟ್ಟೆ. ಬ್ಲೀಚಿನ ಲೋಟವನ್ನು ಇಬ್ಬರೂ ಮೂಗಿನ ಹತ್ತಿರ ತಂದೊಡನೆ ಬದಿಗಿಟ್ಟರು. ಉಳಿದೆರಡರ ನಡುವೆ ವ್ಯತ್ಯಾಸ ಅವರಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಬಾಟಲಿಗಳಿಗೆ ಮಾತ್ರ ಒಲೆಯ ಶಾಖ ಪ್ರಯತ್ನಿಸಿದೆ. ಬಾಯಿಗೆ ಫಾಯಿಲ್ ಸುತ್ತಿ, ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಇಟ್ಟು, ರಾತ್ರಿಯೆಲ್ಲ ಅಲ್ಲೇ ತಣಿಯಲು ಬಿಡಬೇಕು. ಫಾಯಿಲ್ ತೆಗೆಯುವವರೆಗೂ ಒಳಗೆ ಶುದ್ಧ. ಆದರೆ 48 ಬಾಟಲಿಗೆ ಎರಡು ರಾತ್ರಿ ಬೇಕಾಯಿತು, ಹೀಗಾಗಿ ಬಿಟ್ಟೆ.

ಇಷ್ಟಾದ ಮೇಲೆ ಸ್ಟಾರ್ ಸ್ಯಾನಿಗೇ ಅಂಟಿಕೊಂಡೆ. ಆದರೂ ನಾಲ್ಕನೇ ತಿಂಗಳಲ್ಲಿ ಒಂದು ಬಕೆಟ್ ಬಿಯರ್ ಮಜ್ಜಿಗೆಯಂತೆ ಹುಳಿಯಾಯಿತು. ಬಿಯರಿನ ಆಲ್ಕೋಹಾಲ್, ಹುಳಿ, ಹಾಪ್ಸ್ ಎಂಬ ಕಹಿ ಹೂ ಸೇರಿ ಸಾಮಾನ್ಯವಾಗಿ ರೋಗದ ಕ್ರಿಮಿಗಳನ್ನು ಬದುಕಗೊಡುವುದಿಲ್ಲ. ಮೊಸರು ಹೆಪ್ಪುಗಟ್ಟಿಸುವ ಲ್ಯಾಕ್ಟೋಬ್ಯಾಸಿಲಸ್ ಬಳಗದ ಕೆಲವು, ಕಾಡು ಯೀಸ್ಟ್, ಇವು ಬದುಕುತ್ತವೆ. ಎಲ್ಲಿಂದ ಬಂತೆಂದು ಹುಡುಕುತ್ತಾ ಬಕೆಟ್ಟಿನ ಕೆಳಗಿನ ಪ್ಲಾಸ್ಟಿಕ್ ನಲ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಎರಡು ಭಾಗ ಮಾಡಿದೆ. ತಿರುಗುವ ಭಾಗದ ಸುತ್ತ ಕಂದು ಲೋಳೆ ಕಟ್ಟಿತ್ತು. ಇಷ್ಟು ದಿನ ನಾನು ಆ ಲೋಳೆಯ ಮೇಲೆಯೇ ಆಮ್ಲ ಸುರಿಯುತ್ತಿದ್ದೆ. ಅಯೋಡೋಫರ್ ಆಗಿದ್ದರೂ ಅದರ ಅಡಿಗೆ ಇಳಿಯುತ್ತಿರಲಿಲ್ಲ. ಕೊಳೆ ತೆಗೆಯುವುದು ಒಂದು ಕೆಲಸ, ಕ್ರಿಮಿ ಕೊಲ್ಲುವುದು ಇನ್ನೊಂದು. ಉಪ್ಪಿನಕಾಯಿ ಹಾಕುವ ಮುಂಚೆ ಅಮ್ಮ ಜಾಡಿಯನ್ನು ಉಜ್ಜಿ ತೊಳೆದು, ಒರೆಸಿ, ಆಮೇಲಷ್ಟೇ ಬಿಸಿಲಿಗಿಡುತ್ತಿದ್ದಳು. ಬಿಸಿಲಿಗಿಟ್ಟರಾಯಿತು ಅಂತ ಉಜ್ಜುವುದನ್ನು ಎಂದೂ ಬಿಟ್ಟವಳಲ್ಲ.

ಈಗ ಬಿಯರ್ ಬಸಿದ ರಾತ್ರಿಯೇ ಎಲ್ಲವನ್ನೂ ಬಿಸಿನೀರು, ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಕೊಳೆ ತೆಗೆಯುವ ಪುಡಿಯಲ್ಲಿ ನೆನೆಸುತ್ತೇನೆ. ಗಡಸು ನೀರಿನಿಂದ ಬಿಳಿ ಪೊರೆ ಕೂರುತ್ತದೆ. ಚೆನ್ನಾಗಿ ತೊಳೆದ ಮೇಲೆ ವಿನೆಗರ್ ನೀರು ಆಡಿಸಿದರೆ ಬಿಡುತ್ತದೆ. ಬಕೆಟ್ಟಿಗೆ ಒರಟು ಬ್ರಷ್ ಮುಟ್ಟಿಸುವುದಿಲ್ಲ, ಗೀರಿನಲ್ಲೇ ಕ್ರಿಮಿ ಮನೆಮಾಡುತ್ತದೆ. ಬಿಯರ್ ದಿನ ಸ್ಟಾರ್ ಸ್ಯಾನ್ ಸ್ಪ್ರೇ ಕೈಯಳತೆಯಲ್ಲಿರುತ್ತದೆ: ಚಮಚ, ಕತ್ತರಿ, ಯೀಸ್ಟ್ ಪೊಟ್ಟಣದ ಅಂಚು, ಎಲ್ಲಕ್ಕೂ. ಉದ್ದದ ಪೈಪುಗಳಿಗೆ ಮಾತ್ರ ಅಯೋಡೋಫರ್, ಯಾಕೆಂದರೆ ಒಳಗೆಲ್ಲ ದ್ರವ ತುಂಬಿದೆಯೋ ಇಲ್ಲವೋ ಎಂಬುದು ಆ ಬಣ್ಣದಿಂದ ಹೊರಗೇ ಕಾಣುತ್ತದೆ. ನಲ್ಲಿಯನ್ನು ಪ್ರತಿ ಸಲ ಬಿಚ್ಚುತ್ತೇನೆ. ಬ್ಲೀಚ್ ಬಟ್ಟೆ ಒಗೆಯುವ ಕೋಣೆಗೆ ಹೋಗಿದೆ.