ಮೆಥೋಸೆಲ್ ಕೆ100ಎಂ ಸಿಆರ್: ಮೆಟ್‌ಫಾರ್ಮಿನ್ ಎಸ್ಆರ್ ಮಾಡೋರಿಗೆ ನನ್ನ ರಿವ್ಯೂ

ಎಸ್ಆರ್ (ಔಷಧಿನ ನಿಧಾನಕ್ಕೆ ಬಿಡೋ) ಟ್ಯಾಬ್ಲೆಟ್‌ಗೆ ಯಾವ ಪಾಲಿಮರ್ ಹಾಕೋದು ಅಂತ ಫಾರ್ಮುಲೇಶನ್‌ಗೆ ಹೊಸದಾಗಿ ಬಂದೋರು ಕೇಳ್ತಾನೇ ಇರ್ತಾರೆ. ಸಕ್ಕರೆ ಕಾಯಿಲೆಗೆ ಕೊಡೋ ಮೆಟ್‌ಫಾರ್ಮಿನ್ ತರ ನೀರಲ್ಲಿ ಸಲೀಸಾಗಿ ಕರಗೋ ಡ್ರಗ್ ಆದ್ರೆ ನನ್ನ ಓಟು ಹೆಚ್‌ಪಿಎಂಸಿಗೇ (ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್, ಮೆಥೋಸೆಲ್ ಅದರ ಬ್ರ್ಯಾಂಡ್), ಅದ್ರಲ್ಲೂ ಕೆ100ಎಂ, ಸಿಆರ್ (ಕಂಟ್ರೋಲ್ಡ್ ರಿಲೀಸ್) ಗ್ರೇಡೇ ಆಗಬೇಕು.

ಸೆಲ್ಯುಲೋಸ್‌ನಿಂದ ಮಾಡೋ ಬಿಳಿ ಪುಡಿ ಇದು. ಟ್ಯಾಬ್ಲೆಟ್ ಹೊಟ್ಟೆಗೆ ಹೋದ ತಕ್ಷಣ ಮೇಲ್ಮೈ ನೆನೆದು ಜೆಲ್ ಆಗತ್ತೆ, ಔಷಧಿ ಆ ಜೆಲ್ ದಾಟ್ಕೊಂಡು ನಿಧಾನಕ್ಕೆ ಆಚೆ ಬರತ್ತೆ, ಹೊರಗಡೆ ಜೆಲ್ ಸವೀತಾ ಹೋದಂಗೆ ಒಳಗಡೆ ಹೊಸ ಪದರ ನೆನೀತಾ ಹೋಗತ್ತೆ. ಡಿಸಲ್ಯೂಷನ್ (ಔಷಧಿ ಎಷ್ಟು ಬೇಗ ಕರಗಿ ಬರತ್ತೆ ಅಂತ ನೋಡೋ ಟೆಸ್ಟ್) ಬೌಲಿಂದ ಒಂದು ಗಂಟೆ ಆದ್ಮೇಲೆ ಟ್ಯಾಬ್ಲೆಟ್ ತೆಗೆದು ಬ್ಲೇಡಲ್ಲಿ ಕುಯ್ದು ನೋಡಿ, ಸುತ್ತ ಜಾರೋ ಜೆಲ್ಲು, ನಡುವೆ ಇನ್ನೂ ಒಣಗಿರೋ ಬಿಳಿ ತಿರುಳು ಕಣ್ಣಿಗೇ ಕಾಣತ್ತೆ. ಪಾಲಿಮರ್‌ಗೆ ಚಾರ್ಜ್ ಇಲ್ಲ, ಹಾಗಾಗಿ ಜಠರದ ಆಸಿಡ್ಡಲ್ಲೂ ಕರುಳಿನ 6.8 ಪಿಹೆಚ್‌ನಲ್ಲೂ ಹೆಚ್ಚುಕಮ್ಮಿ ಒಂದೇ ತರ ಉಬ್ಬತ್ತೆ. ಸೋಡಿಯಂ ಆಲ್ಜಿನೇಟ್ ಅನ್ನೋ ಇನ್ನೊಂದು ಪಾಲಿಮರಲ್ಲಿ ಈ ನೆಮ್ಮದಿ ಇಲ್ಲ.

ಈಗ ಮುಖ್ಯ ವಿಷ್ಯ. ಎಲ್ರೂ ಸಿಓಎ (ಸಪ್ಲೈಯರ್ ಕೊಡೋ ಟೆಸ್ಟ್ ರಿಪೋರ್ಟ್) ಬಂದ್ರೆ ವಿಸ್ಕಾಸಿಟಿ (ದ್ರಾವಣ ಎಷ್ಟು ಮಂದ ಅನ್ನೋದು) ಒಂದೇ ನೋಡ್ತಾರೆ. ಕೆ100ಎಂ ಅಂದ್ರೆ 2% ದ್ರಾವಣಕ್ಕೆ ಸುಮಾರು 1 ಲಕ್ಷ ಸೆಂಟಿಪಾಯ್ಸ್, ಆದ್ರೆ ಸ್ಪೆಸಿಫಿಕೇಶನ್ನೇ 75,000ದಿಂದ 1,40,000ವರೆಗೂ ಇದೆ. ಟ್ಯಾಬ್ಲೆಟ್ ತೂಕದಲ್ಲಿ ಪಾಲಿಮರ್ 30% ಮೇಲಿದ್ರೆ ಆ ರೇಂಜೊಳಗೆ ಎಲ್ಲಿದ್ರೂ ರಿಲೀಸ್ ಅಷ್ಟಾಗಿ ಅಲ್ಲಾಡಲ್ಲ. ಅಲ್ಲಾಡ್ಸೋದು ಕಣದ ಸೈಜು. ಒಂದ್ಸಲ ರೇಟ್ ಕಮ್ಮಿ ಅಂತ ಬೇರೆ ಸಪ್ಲೈಯರ್ ಹತ್ರ ತರಿಸಿದ್ವಿ, ವಿಸ್ಕಾಸಿಟಿ ಸರಿಯಾಗೇ ಇತ್ತು, ಪುಡಿ ಮಾತ್ರ ದಪ್ಪ, ಜೆಲ್ ಕೂಡ್ಕೊಳ್ಳೋಕೆ ಮುಂಚೆನೇ ನೀರು ಒಳಗೆ ನುಗ್ಗಿ ಟ್ಯಾಬ್ಲೆಟ್ ಬಿಚ್ಕೊಂತು, ಮೊದಲ ಗಂಟೆ ರಿಲೀಸ್ ಎಲ್ಲಿಗೋ ಹೋಯ್ತು, ಎಫ್2 (ಎರಡು ರಿಲೀಸ್ ಕರ್ವ್ ಎಷ್ಟು ಹೋಲತ್ತೆ ಅನ್ನೋ ಅಂಕ) ಪಾಸಾಗೋಕೆ ಬೇಕಾದ 50 ಮುಟ್ಲಿಲ್ಲ. ಸಿಆರ್ ಗ್ರೇಡಲ್ಲಿ ಕನಿಷ್ಠ 90% ಪುಡಿ 100 ಮೆಶ್ ಜರಡಿ ದಾಟತ್ತೆ, ಜಾಸ್ತಿ ದುಡ್ಡು ಕೊಡೋದು ಅದಕ್ಕೇ.

ತೊಂದ್ರೆನೂ ಇದೆ. ಅಷ್ಟು ನುಣ್ಣಗಿರೋದ್ರಿಂದ ಹಾಪರಲ್ಲಿ (ಮಶೀನಿಗೆ ಪುಡಿ ಸುರಿಯೋ ಜಾಗ) ಸರಿಯಾಗಿ ಇಳಿಯಲ್ಲ, ಟ್ಯಾಬ್ಲೆಟ್ಟಿಂದ ಟ್ಯಾಬ್ಲೆಟ್ಟಿಗೆ ವೆಯ್ಟ್ ವೇರಿಯೇಶನ್ ಬರತ್ತೆ. ಗ್ರಾನ್ಯುಲೇಶನ್‌ಗೆ (ಪುಡಿನ ಕಾಳು ಕಾಳಾಗಿ ಮಾಡೋದಕ್ಕೆ) ನೀರು ಒಂದೇ ಸಲ ಸುರಿದ್ರೆ ಗಂಟು ಗಂಟು, ಹೊರಗೆ ಅಂಟು ಒಳಗೆ ಒಣ ಪುಡಿ. ಸ್ಪ್ರೇ ಮಾಡಿ ಇಲ್ಲಾ ರೋಲರ್ ಕಾಂಪ್ಯಾಕ್ಷನ್‌ಗೆ (ನೀರಿಲ್ದೆ ರೋಲರಲ್ಲಿ ಒತ್ತಿ ಮಾಡೋದು) ಹೋಗಿ. ವಿಸ್ಕಾಸಿಟಿ ಚೆಕ್ ಮಾಡುವಾಗ್ಲೂ ಅಷ್ಟೇ, ಮೊದಲು 80-90 ಡಿಗ್ರಿ ನೀರಲ್ಲಿ ಕಲಸಿ ಆಮೇಲೆ ತಣ್ಣಗೆ ಮಾಡಬೇಕು, ಬಿಸೀಲಿ ಇದು ಕರಗಲ್ಲ.

ನನಗೆ ನಿಜವಾಗ್ಲೂ ಬೇಜಾರಾಗೋದು ಟ್ಯಾಬ್ಲೆಟ್ ಸೈಜು. ಡ್ರಗ್ಗೇ 500 ಮಿ.ಗ್ರಾಂ, ಮೇಲೆ ಇಷ್ಟು ಪಾಲಿಮರ್, ವಯಸ್ಸಾದವ್ರು ನುಂಗೋಕೆ ಒದ್ದಾಡ್ತಾರೆ, ಕೊನೆಗೆ ಕುಟ್ಟಿ ಪುಡಿ ಮಾಡ್ಕೊಂಡು ತಗೋತಾರೆ. ಹಾಗೆ ಮಾಡಿದ್ರೆ ಇಡೀ ದಿನದ ಡೋಸ್ ಒಟ್ಟಿಗೇ ಬಿಡುಗಡೆ ಆಗ್ಬಿಡತ್ತೆ, ದಯವಿಟ್ಟು ಮನೇಲಿ ಹೇಳಿ.

ಇದರ ಬದಲು ಹಾಕೋ ಪಾಲಿಮರ್ ಪಾಲಿಎಥಿಲೀನ್ ಆಕ್ಸೈಡ್ ಕೂಡ ಚೆನ್ನಾಗೇ ಉಬ್ಬತ್ತೆ, ಆದ್ರೆ ಗಾಳಿ ತಾಗಿ ಆಕ್ಸಿಡೈಸ್ ಆಗಿ ವಿಸ್ಕಾಸಿಟಿ ಬಿದ್ದೋಗತ್ತೆ, ಆಂಟಿಆಕ್ಸಿಡೆಂಟ್ ಇಲ್ದೆ ನಂಬ್ಬೇಡಿ.

ಆರ್ಡರ್ ಹಾಕೋ ಮುಂಚೆ ಸೀವ್ (ಜರಡಿ) ಡೇಟಾ ಕೇಳಿ, ಹೈಡ್ರಾಕ್ಸಿಪ್ರೊಪಾಕ್ಸಿ (ಸೆಲ್ಯುಲೋಸ್‌ಗೆ ಜೋಡಿಸಿರೋ ಒಂದು ರಾಸಾಯನಿಕ ಗುಂಪು) ನೋಡಿ, 7ರಿಂದ 12% ಒಳಗೆ ಲಾಟಿಂದ ಲಾಟಿಗೆ ಎಷ್ಟು ಓಡಾಡ್ತಿದೆ ಅಂತ. ಆಗಲ್ಲ ಅಂದೋರ ಹತ್ರ ತಗೋಬೇಡಿ.